ಅಲ್ಲಿಯ ನಂಬರು

ಮೂವತ್ತೆಂಟೋ ಮೂವತ್ತೇಳೋ, ಈಗ ಖಚಿತವಾಗಿ ಹೇಳಲಾರೆ. ಚಪ್ಪಲಿ ನಂಬರಿನ ಆ ಕೋಷ್ಟಕ ಹಸಿರು ಬಣ್ಣದ್ದು ಎಂದು ನೆನಪು ಹೇಳುತ್ತದೆ. ಆದರೆ ರಾಣೇಬೆನ್ನೂರಿನ ಆ ಸೈಬರ್ ಕೆಫೆಯ ಗೋಡೆಗಳೇ ಹಸಿರಾಗಿದ್ದವು. ಆ ಬಣ್ಣ ಆಮೇಲೆ ಪರದೆಗೆ ಹತ್ತಿಕೊಂಡಿರಬಹುದು. ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಷ್ಟು ಖರೆ.

ಹಾವೇರಿಯವರು ನನ್ನನ್ನು ನೋಡಿಕೊಂಡು ಹೋಗಿದ್ದರು, ಒಪ್ಪಿದ್ದರು. ಪರೀಕ್ಷೆ ಮುಗಿಯಲಿ, ಬಿ.ಎಡ್. ಮಾಡುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ. ಬ್ಯಾಡಗಿಯ ನಮ್ಮ ಮನೆಯಲ್ಲಿ ಆ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅಷ್ಟರಲ್ಲಿ ಹುಡುಗನ ತಾಯಿಯ ಫೋನು ಬಂತು. ದುಬೈಯಲ್ಲಿರುವ ಅವರ ಮಗಳು ರಜೆಗೆ ಬರುವಾಗ ನನಗೆ ಚಪ್ಪಲಿ ತರುತ್ತಾಳಂತೆ.

"ನಂದು ಐದು ನಂಬರ," ಎಂದೆ.

"ಇಲ್ಲೀ ಐದು ಅಲ್ಲಿ ನಡ್ಯಂಗಿಲ್ಲಂತ," ಎಂದಳು ಅವ್ವ. "ಅಲ್ಲೀ ನಂಬರ ಬೇಕಂತ. ಹೆಂಗೂ ಕಾಲೇಜಿಗೆ ಹೊಂಟೀದಿ, ಕಂಪ್ಯೂಟರ್‌ನ್ಯಾಗ ನೋಡ್ಕೊಂಡು ಬಾ."

ನಮ್ಮ ಮಂದಿಯಲ್ಲಿ ಹುಡುಗಿಯ ಅಳತೆ ಹುಡುಗನ ಮನೆಗೆ ಹೋಯಿತೆಂದರೆ ಮಾತು ಮುಗಿದಂತೆ. ಕುಪ್ಪಸದ್ದಾಗಲಿ, ಬಳೆಯದ್ದಾಗಲಿ. ಆಮೇಲೆ ಬೇಡ ಎನ್ನುವಂತಿಲ್ಲ. ಅದು ಅವ್ವನಿಗೂ ಗೊತ್ತಿತ್ತು, ನನಗೂ.

ಕೆಫೆಯಲ್ಲಿ ಕೂತು ನೋಡಿದರೆ, ನಮ್ಮ ಐದು ಬ್ರಿಟನ್ನಿನಲ್ಲೂ ಐದೇ. ಯುರೋಪಿನಲ್ಲಿ ಮೂವತ್ತೆಂಟು. ಅಮೆರಿಕದಲ್ಲಿ ಹೆಂಗಸರಿಗೆ ಏಳು, ಗಂಡಸರ ಲೆಕ್ಕವೇ ಬೇರೆ. ಇನ್ನೊಂದು ಪುಟ ತೆರೆದರೆ ಏಳು ಹೋಗಿ ಏಳೂವರೆ, ಮೂವತ್ತೆಂಟು ಹೋಗಿ ಮೂವತ್ತೇಳೂವರೆ. ನನ್ನ ಎರಡು ಕಾಲುಗಳು ಮೇಜಿನ ಕೆಳಗೆ ಸುಮ್ಮನೆ ಇದ್ದವು. ಆ ಪುಟಗಳು ಒಂದಕ್ಕೊಂದು ಒಪ್ಪದಿರುವುದನ್ನು ಕಂಡು ನನಗೆ ಉಸಿರು ಬಂದಂತಾಯಿತು.

"ಒಂದರಾಗ ಒಂದ ಐತಿ, ಇನ್ನೊಂದರಾಗ ಬ್ಯಾರೇನ ಐತಿ. ತಪ್ಪು ಹೇಳಿದ್ರ ಚಪ್ಪಲಿ ಕಾಲಿಗೆ ಬರಂಗಿಲ್ಲ," ಎಂದೆ ಮನೆಗೆ ಬಂದು. ಅದು ಸುಳ್ಳಲ್ಲ. ಮರುವಾರವೂ ಅದನ್ನೇ ಹೇಳಿದೆ. ಆಚೆ ವಾರವೂ. ಹಾವೇರಿಯ ಫೋನು ಬರುತ್ತಲೇ ಇತ್ತು.

"ಬಿ.ಎ. ಓದಿ ತನ್ನ ಕಾಲಿನ ನಂಬರ ಗೊತ್ತಿಲ್ಲ ಇಕಿಗೆ!" ಅಣ್ಣ ನಕ್ಕ. "ಇನ್ನ ಎಂ.ಎ. ಮಾಡಿದ್ಲಂದ್ರ ಕಾಲ ಎಲ್ಲೈತಿ ಅಂತ ಕೇಳ್ತಾಳ."

ಅವ್ವ ನಗಲಿಲ್ಲ. ಕಸಬರಿಗೆಯಿಂದ ಒಂದು ಕಡ್ಡಿ ಎಳೆದುಕೊಂಡು ಬಂದು ನನ್ನ ಮುಂದೆ ನೆಲಕ್ಕೆ ಕೂತಳು. ನಾವು ಸಣ್ಣವರಿದ್ದಾಗ ಸಂತೆಯಿಂದ ಚಪ್ಪಲಿ ತರಲು ಹಾಗೇ ಅಳತೆ ಒಯ್ಯುತ್ತಿದ್ದಳು. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಹಿಡಿದು ಚಟ್ಟನೆ ಮುರಿದಳು. ಅಣ್ಣ ಅದನ್ನು ಅಳತೆಪಟ್ಟಿಯ ಮೇಲಿಟ್ಟ. ಇಪ್ಪತ್ತನಾಲ್ಕು ಸೆಂಟಿಮೀಟರ್.

"ಇದು ಎಲ್ಲಾ ದೇಶದಾಗೂ ಒಂದ," ಎಂದು ಹಾವೇರಿಗೆ ಫೋನು ಹಚ್ಚಿ ಅಳತೆ ಹೇಳಿದ. ಆ ಕಡೆಯವರಿಗೆ ಕೇಳಿಸಲಿಲ್ಲವೋ ಏನೋ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಅವ್ವ ಎದ್ದು ಸಕ್ಕರೆ ತರಲು ಒಳಗೆ ಹೋದಳು.

ಚಪ್ಪಲಿ ಬಂತು. ಎಲ್ಲೂ ಕಚ್ಚಲಿಲ್ಲ, ಸಡಿಲವೂ ಆಗಲಿಲ್ಲ. ಆ ಸಲದ ಪರೀಕ್ಷೆಗೆ ನಾನು ಕೂರಲಿಲ್ಲ.

ಅವ್ವ ಕಡ್ಡಿ ಹಿಡಿದು ಕೂತಾಗ ಏನಾಯಿತು ಎಂಬುದನ್ನು ಎಷ್ಟೋ ಸಲ ಬರೆದು ಹೊಡೆದುಹಾಕಿದ್ದೇನೆ. ಒಮ್ಮೆ ಅವಳು ನನ್ನ ಪಾದವನ್ನು ಹಿಡಿದು ಎಳೆದುಕೊಳ್ಳುತ್ತಾಳೆ. ಒಮ್ಮೆ ನಾನೇ ಮುಂದೆ ಚಾಚುತ್ತೇನೆ. ಎರಡೂ ಕಣ್ಣಿಗೆ ಕಟ್ಟುತ್ತವೆ. ನಡೆದದ್ದು ಯಾವುದೆಂದು ನನಗೆ ಗೊತ್ತಿಲ್ಲ.