ಬೆಳಕಿಗೆ ಹಿಡಿದ ಚರ್ಮ

ಆದೋನಿಯ ಫಾರ್ಮಸಿ ಕಾಲೇಜಿನಲ್ಲಿ, ಮುಖದ ಕ್ರೀಮು ಚರ್ಮದೊಳಗೆ ಎಷ್ಟು ಇಳಿಯುತ್ತದೆ ಎಂದು ನಾನು ಅಳೆಯುತ್ತಿದ್ದ ದಿನಗಳವು. ಕಸಾಯಿ ಅಂಗಡಿಯಿಂದ ಕುರಿಯ ಕಿವಿ ತಂದು ಚರ್ಮ ಸುಲಿದು ಕೊಡುತ್ತಿದ್ದವರು ಲ್ಯಾಬಿನ ಅಟೆಂಡರ್; ಅವರದು ಕುರಿ ಸಾಕುವ ಮನೆತನ. ಆ ಚರ್ಮವನ್ನು ಗಾಜಿನ ಕೊಳವೆಯ ಬಾಯಿಗೆ ಬಿಗಿದು, ಮೇಲೆ ಕ್ರೀಮು ಹಚ್ಚಿ, ಕೆಳಗಿಟ್ಟ ನೀರಿಗೆ ಅದು ಎಷ್ಟು ಇಳಿಯಿತೆಂದು ನೋಡಬೇಕು. ನಾನು ಚರ್ಮ ಕಟ್ಟಲು ಹೋದರೆ ಸಾಕು, "ಆಗಂಡಿ ಮೇಡಂ, ಮೊದ್ಲು ಬೆಳಕಿಗೆ ಹಿಡೀರಿ" ಅನ್ನುವರು. ತಡೆಯುವುದು ತೆಲುಗಿನಲ್ಲಿ, ಬುದ್ಧಿ ಹೇಳುವುದು ಕನ್ನಡದಲ್ಲಿ.

ಒಂದು ದಿನ ಅವರು ಊಟಕ್ಕೆ ಹೋಗಿದ್ದಾಗ ನಾನೇ ಕಟ್ಟಿದೆ. ಅರ್ಧ ಗಂಟೆಯಲ್ಲಿ ಕ್ರೀಮಿನ ಸಾರವೆಲ್ಲ ಕೆಳಗಿನ ನೀರಿಗೆ ಇಳಿದಿತ್ತು. ಪ್ರಾಜೆಕ್ಟು ಗೆದ್ದಿತೆಂದು ಕುಣಿದಾಡಿದೆ. ಅವರು ಬಂದು ಚರ್ಮ ಬಿಚ್ಚಿ ಕಿಟಕಿಗೆ ಹಿಡಿದರು. ನಡುವೆ ಸೂಜಿಮೊನೆಯಷ್ಟು ತೂತು.

"ಕುರಿಗೆ ಉಣ್ಣಿ ಕಚ್ಚೇತಿ ನೋಡ್ರಿ. ನಿಮ್ಮ ಕ್ರೀಮಿಗೆ ದಾರಿ ಮಾಡಿಕೊಟ್ಟಿದ್ದು ಅದು."

ಮರುದಿನ ಅವರು ಆರಿಸಿದ ಚರ್ಮ ಕಟ್ಟಿದೆವು. ಸಂಜೆಯವರೆಗೂ ನೀರಿನಲ್ಲಿ ಕ್ರೀಮಿನ ಸುಳಿವಿಲ್ಲ. ಸಪ್ಪೆ ಮುಖದಲ್ಲಿ ಅದನ್ನೇ ಬರೆದುಕೊಂಡೆ. ಅವರು ನನಗೆ ಚಹಾ ತಂದಿಟ್ಟು, ಉಳಿದ ಕ್ರೀಮಿನ ಡಬ್ಬಿ ಕೇಳಿದರು.

"ಒಳಗೆ ಇಳಿಯುವುದಿಲ್ಲ ಅಂತ ನೀವೇ ತೋರಿಸಿದಿರಲ್ಲ?" ಎಂದೆ.

"ಹೌದ್ರಿ. ಆದ್ರ ನಮ್ಮ ಮನ್ಯಾಕಿ ಹಚ್ಕೊಂಡು ಕನ್ನಡಿ ನೋಡ್ಕೋತಾಳಲ್ಲ, ಆವಾಗಿನ ಆಕಿ ಮಾರಿ ನೀವು ನೋಡಿಲ್ಲ."