ಎರಡನೆಯ ಸಲ ಕೇಳದ ಊರು

ಬೆಳಿಗ್ಗೆ ಎದ್ದು ಕಿಟಕಿಯ ಚಿಲಕದ ಮೇಲೆ ಬೆರಳಾಡಿಸಿದರೆ ಬೆರಳಿಗೆ ಉಪ್ಪು ಹತ್ತುತ್ತಿತ್ತು. ಒರೆಸಿಟ್ಟರೆ ಮಾರನೆಯ ದಿನ ಮತ್ತೆ ಅಷ್ಟೇ. ಕೊಲಂಬೊದಲ್ಲಿ, ಸಮುದ್ರಕ್ಕೆ ಎದುರಾದ ಮನೆಯೊಂದರಲ್ಲಿ, ಅಣ್ಣ ಅತ್ತಿಗೆಯ ಜೊತೆ ನಾನಿದ್ದ ದಿನಗಳವು. ಆ ಬೀದಿಯಲ್ಲಿ ಎಲ್ಲರಿಗೂ ಕಾರಿತ್ತು. ನಾಯಿಗಳಿಗೂ ಇಂಗ್ಲಿಷ್ ಬರುತ್ತಿತ್ತು. ಇತಿಹಾಸದಲ್ಲಿ ಎಂ.ಎ. ಮಾಡಿದ್ದ ನನಗೆ ಮಾತ್ರ ಎಲ್ಲಿ ನಿಲ್ಲಬೇಕು, ಎಷ್ಟು ನಗಬೇಕು ಎಂಬುದು ತಿಳಿಯುತ್ತಿರಲಿಲ್ಲ.

ಅಪ್ಪನ ಷರತ್ತು ಸರಳವಾಗಿತ್ತು: ಆರು ತಿಂಗಳೊಳಗೆ ಕೆಲಸ ಸಿಕ್ಕರೆ ಇರಬಹುದು, ಇಲ್ಲದಿದ್ದರೆ ಜಯನಗರಕ್ಕೆ ವಾಪಸ್ಸು. ಅಲ್ಲಿ ನನ್ನ ಜಾತಕದ ನಕಲುಗಳು ಆಗಲೇ ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಐದು ತಿಂಗಳು ಕಳೆದಿತ್ತು.

ಪಕ್ಕದ ಮನೆಯ ಮಿಸೆಸ್ ಪೆರೇರ ಒಂದು ಸಣ್ಣ ಶಾಲೆ ನಡೆಸುತ್ತಿದ್ದರು. ಒಂದು ಸಂಜೆ ಬೇಲಿಯ ಆಚೆ ಗಿಡಗಳಿಗೆ ನೀರು ಹಾಕುತ್ತಲೇ, "ನಮಗೆ ಇತಿಹಾಸಕ್ಕೆ ಟೀಚರ್ ಬೇಕು. ನೀವು ಬರುತ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಐದು ತಿಂಗಳಿಂದ ನಾನು ಕಾದಿದ್ದ ಪ್ರಶ್ನೆಯೇ ಅದು. ಬಾಯಿ ಮಾತ್ರ ತನ್ನ ಪಾಡಿಗೆ ತಾನು, "ಬೇಡ, ನನಗೆ ಅಷ್ಟೆಲ್ಲ ಎಲ್ಲಿ ಬರುತ್ತದೆ," ಎಂದುಬಿಟ್ಟಿತು.

"ಸರಿ," ಎಂದರು ಅವರು. "ಬೇರೆಯವರನ್ನು ಕೇಳುತ್ತೇನೆ."

ಇನ್ನೊಮ್ಮೆ ಕೇಳುತ್ತಾರೆಂದು ನಾನು ಬೇಲಿಯ ಬಳಿಯೇ ನಿಂತೆ.

ನಮ್ಮೂರಲ್ಲಿ, ತ್ಯಾಗರಾಜನಗರದ ಚಿಕ್ಕಮ್ಮನ ಮನೆಗೆ ಹೋದರೆ ನಡೆಯುವುದೇ ಬೇರೆ.

"ಕಾಫಿ ಕುಡೀತೀಯೇನೆ?"

"ಬೇಡ ಚಿಕ್ಕಮ್ಮ, ಈಗ್ತಾನೆ ಆಯ್ತು."

"ಸುಮ್ನೆ ಕೂತ್ಕೊಳ್ಳೇ ಮಹಾರಾಣಿ. ಅರ್ಧ ಲೋಟಕ್ಕೆ ನಿಮ್ಮಮ್ಮ ಬೈಯಲ್ಲ."

ಮುಂದಿನ ಬೇಡ ಮುಗಿಯುವಷ್ಟರಲ್ಲಿ ಲೋಟ ಕೈಯಲ್ಲಿರುತ್ತಿತ್ತು, ಅದೂ ತುಂಬಿ. ಮೊದಲ ಸಲಕ್ಕೇ ಹೂಂ ಎಂದವಳು ಗತಿಗೆಟ್ಟವಳು, ಮೂರನೆಯ ಸಲವೂ ಬೇಡ ಎಂದವಳು ಜಂಬಗಾರ್ತಿ. ಇವೆರಡರ ನಡುವಿನ ಓಣಿಯಲ್ಲಿ ಬೆಳೆದವರು ನಾವು. ಸಿಂಹಾಸನವನ್ನು ಮೊದಲು ಒಲ್ಲೆನೆಂದು ಆಮೇಲೆ ಏರಿದ ರಾಜರ ಕತೆ ಇತಿಹಾಸದಲ್ಲೂ ಉಂಟು. ಆದರೆ ಮಂತ್ರಿಗಳು ಮತ್ತೆ ಬಂದು ಕಾಲು ಹಿಡಿಯುತ್ತಾರೆಂಬ ಧೈರ್ಯ ಆ ರಾಜರಿಗಿತ್ತು. ಮಿಸೆಸ್ ಪೆರೇರ ನೀರು ಹಾಕಿ ಮುಗಿದ ಕೂಡಲೇ ಒಳಗೆ ಹೋದರು.

ಆ ರಾತ್ರಿ ಊಟಕ್ಕೆ ಕೂತಾಗ ಅಣ್ಣ ಅತ್ತಿಗೆಗೆ ಹೇಳಿದೆ.

"ನಿಂಗೆ ಕೆಲಸ ಬೇಕಿತ್ತೋ ಬೇಡ್ವೋ?" ಎಂದ ಅಣ್ಣ.

"ಬೇಕಿತ್ತು."

"ಮತ್ತೆ ಬೇಡ ಅಂದ್ಯಲ್ಲ?"

"ಮೊದಲು ಬೇಡ ಅನ್ಬೇಕಲ್ಲ."

"ಸರಿಯಾಗೇ ಹೇಳಿದಾಳೆ ಬಿಡಿ. ಅವರೇ ಇನ್ನೊಂದ್ಸಲ ಕೇಳ್ಬೇಕಿತ್ತು," ಎನ್ನುತ್ತಾ ಅತ್ತಿಗೆ, ನಾನು ಕೈ ಅಡ್ಡ ಹಿಡಿದಿದ್ದರೂ ಇನ್ನೊಂದು ಚಪಾತಿ ಹಾಕಿದರು.

ಹಾಸಿಗೆಯಲ್ಲಿ ಮಲಗಿ ಯೋಚಿಸಿದಷ್ಟೂ ಗೊಂದಲ ಹೆಚ್ಚಿತು. ಆಕೆ ಮಾಡಿದ ತಪ್ಪಾದರೂ ಏನು? ನಾನು ಹೇಳಿದ್ದನ್ನು ಹೇಳಿದಂತೆಯೇ ನಂಬಿದ್ದರು. ಹಾಗೆ ನನ್ನನ್ನು ನಂಬಿದ ಮೊದಲಿಗರು ಬಹುಶಃ ಅವರೇ. ಅದು ಗೌರವವೋ ಅಲಕ್ಷ್ಯವೋ ತಿಳಿಯಲಿಲ್ಲ. ಇಷ್ಟು ವರ್ಷ ನಾನು ಬೇಡವೆಂದದ್ದರಲ್ಲಿ ನಿಜಕ್ಕೂ ಬೇಡವಾಗಿದ್ದದ್ದು ಯಾವುದು, ಯಾರಾದರೂ ಒತ್ತಾಯಿಸಲಿ ಎಂದು ಕಾದದ್ದು ಯಾವುದು, ಅದೂ ತಿಳಿಯಲಿಲ್ಲ. ಜಾತಕದ ವಿಷಯದಲ್ಲಿ ನಾನು ಹೇಳಿದ ಬೇಡವನ್ನು ಅಪ್ಪ ಯಾವ ಬಗೆಯದೆಂದು ತಿಳಿದಿದ್ದಾರೋ.

ಮರುದಿನ ಬೆಳಿಗ್ಗೆ, ಅವರು ಶಾಲೆಗೆ ಹೊರಡುವ ಮೊದಲು, ಪಕ್ಕದ ಮನೆಯ ಗಂಟೆ ಒತ್ತಿದೆ. ಬಾಗಿಲು ತೆರೆದ ಮಿಸೆಸ್ ಪೆರೇರರಿಗೆ ಗುಡ್ ಮಾರ್ನಿಂಗ್ ಹೇಳುವುದನ್ನೂ ಮರೆತು, "ಆ ಕೆಲಸ ನನಗೆ ಬೇಕು," ಎಂದೆ. ಕೂರಿ ಎಂದು ಅವರು ಹೇಳುವ ಮೊದಲೇ ಒಳಗೆ ಹೋಗಿ, ಬೆತ್ತದ ಕುರ್ಚಿಯ ಮೇಲೆ ಕೂತೇಬಿಟ್ಟೆ.