ಬೆಲ್ಲದ ತುಲಾಭಾರಕ್ಕೆ ಕುಳಿತವಳು

ನನ್ನ ತಂಗಿ ಎಂಟು ತಿಂಗಳು ನನ್ನ ಕಣ್ಣೆದುರೇ ಊಟ ಬಿಡುತ್ತಾ ಬಂದಳು. ನಾನು ತಡೆಯಲಿಲ್ಲ. ಏನಾಯಿತೆಂದು ಒಂದು ಸಲವೂ ಕೇಳಲಿಲ್ಲ. ಅಷ್ಟೇ ಆಗಿದ್ದರೆ ದಡ್ಡತನ ಎನ್ನಬಹುದಿತ್ತು. ನಾನು ಅದನ್ನು ನಾಲ್ಕು ಜನರೆದುರು ಹೊಗಳಿಕೊಂಡು ತಿರುಗಿದೆ.

ಈ ಅಂಕಣದಲ್ಲಿ ತಮ್ಮ ಅನುಭವ ಬರೆಯುವ ಭಕ್ತರಲ್ಲಿ ಹೆಚ್ಚಿನವರು ಯಾವ ಪಾಪಕ್ಕೆ ಈ ಕಷ್ಟ ಬಂತೋ ತಿಳಿಯದು ಎನ್ನುತ್ತಾರೆ. ನನಗೆ ಆ ಅನುಕೂಲವಿಲ್ಲ. ಯಾವ ಪಾಪ, ಯಾರು ಮಾಡಿದ್ದು, ಎಲ್ಲಿ ಕುಳಿತು ಮಾಡಿದ್ದು, ಎಲ್ಲ ಗೊತ್ತಿದೆ.

ನಮ್ಮ ಮನೆ ವಂಡ್ಸೆಯ ಹತ್ತಿರ. ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು, ತಂಗಿ ಪವಿತ್ರಾ ತೊಟ್ಟಿಲಲ್ಲಿದ್ದಳು. ಅಮ್ಮ ಕೂಲಿಗೆ ಹೋಗಲು ನಾನು ಶಾಲೆ ಬಿಟ್ಟು ಮಗು ನೋಡಿಕೊಂಡೆ. ಪ್ರಾಯ ತುಂಬಿದ ಮೇಲೆ ಗೇರುಬೀಜದ ಫ್ಯಾಕ್ಟರಿ ಸೇರಿದೆ. ಸುಲಿದ ಬೀಜ ತೂಗುವ ತಕ್ಕಡಿಯ ಎದುರು ನನ್ನ ದಿನ ಹೋಗುತ್ತದೆ. ಒಂದು ಹಿಡಿ ಕಡಿಮೆ ಬಿದ್ದರೆ ಮುಟ್ಟಿಯೇ ಹೇಳಬಲ್ಲೆ. ಇಂಥ ಕೈಗೆ ಮನೆಯ ಮಗು ಕರಗಿದ್ದು ಗೊತ್ತಾಗಲಿಲ್ಲ.

ಪವಿಗೆ ಒಂಬತ್ತು ವರ್ಷವಿದ್ದಾಗ ಕಾಮಾಲೆ ಜೋರಾಗಿತ್ತು. ಗುಣವಾದರೆ ಅವಳ ತೂಕದ ಬೆಲ್ಲ ಕೊಡುತ್ತೇನೆಂದು ನಮ್ಮೂರ ದೇವಿಗೆ ನಾನೇ ಹರಕೆ ಹೊತ್ತೆ. ಗುಣವಾಯಿತು. ಹರಕೆ ಮಾತ್ರ ವರ್ಷದಿಂದ ವರ್ಷಕ್ಕೆ ಹೋಯಿತು. ದೇವಿಯ ಹತ್ತಿರ ಅವಸರದಲ್ಲಿ ಬೇಡುವುದು, ನಿಧಾನದಲ್ಲಿ ಕೊಡುವುದು, ಇದು ನನ್ನ ಭಕ್ತಿಯ ರೀತಿ.

ಕಳೆದ ವರ್ಷ ದೀಪಾವಳಿಗೆ ನೆಂಟರೆಲ್ಲ ಜಗಲಿಯಲ್ಲಿ ಕುಳಿತಿದ್ದಾಗ ನಮ್ಮ ಸೋದರತ್ತೆ ಗಿರಿಜತ್ತೆ ಹರಕೆಯ ಮಾತು ತೆಗೆದರು. ಪವಿಯ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಶ್ರಾವಣದಲ್ಲಿ ತೀರಿಸುವುದೆಂದಾಯಿತು. ಅವಳು ಎಲ್ಲರಿಗೂ ಚಾ ಕೊಡುತ್ತಿದ್ದಳು. ಆಗ ನಾನು ಹೇಳಿದೆ: "ಇವಳ್ ತೂಕದ್ ಬೆಲ್ಲಕ್ಕೆ ಟೆಂಪೋ ಮಾಡ್ಕಾತ್ತ್. ತಕ್ಕಡಿ ಹಗ್ಗ ತಡಿತ್ತಾ ಅಂದೇಳಿ ಭಟ್ರ ಹತ್ರ ಒಂದ್ಸಲ ಕೇಣಿ."

ಜಗಲಿಯೆಲ್ಲ ನಕ್ಕಿತು. ಪವಿಯೂ ನಕ್ಕಳು. ನನಗೆ ಅವಳ ನಗು ಸಾಕಾಯಿತು.

ಮರುವಾರದಿಂದ ಅವಳು ಸೋಮವಾರದ ಉಪವಾಸ ಹಿಡಿದಳು. ಆಮೇಲೆ ಶುಕ್ರವಾರ, ಆಮೇಲೆ ಶನಿವಾರ. ಉಳಿದ ದಿನ ಅಕ್ಕ, ಶಾಲೆಯಲ್ಲಿ ತಿಂದೆ ಎನ್ನುವಳು. ನಾನು ಫ್ಯಾಕ್ಟರಿಯಲ್ಲಿ ಹೇಳಿಕೊಂಡೆ, ಈಗಿನ ಮಕ್ಕಳಲ್ಲಿ ಇಷ್ಟು ವ್ರತ ಮಾಡುವವರು ಯಾರಿದ್ದಾರೆ, ನಾನು ಬೆಳೆಸಿದ ಮಗು ಎಂದು. ಹಸಿದ ಮಗುವನ್ನು ತೋರಿಸಿ ಹೆಸರು ಪಡೆದವಳು ನಾನು.

ಅವಳು ಮಾತು ಕಡಿಮೆ ಮಾಡಿದಳು. ಗೆಳತಿಯರ ಮನೆಗೆ ಹೋಗುವುದು ನಿಂತಿತು. ಸೆಕೆಯಲ್ಲೂ ದೊಗಳೆ ಸ್ವೆಟರ್ ಹಾಕಿಕೊಳ್ಳುವಳು. ಆಗ ಉಪದೇಶಕ್ಕೆ ಬಂದವರಿಗೆ ಚಾ ಮಾಡಿ ಅಮ್ಮನಿಗೆ ಸಾಕಾಯಿತು. ಒಬ್ಬರಿಗೆ ಅದು ಮೊಬೈಲಿನ ಕಾಟ, ಒಬ್ಬರಿಗೆ ಯಾವನೋ ಹುಡುಗನ ಕಾಟ. ಗಿರಿಜತ್ತೆಗೆ ಅದು ದೃಷ್ಟಿ. ಅವರು ಎಲ್ಲಿಂದಲೋ ಮಂತ್ರಿಸಿದ ನೂಲು ತಂದರು, ನಾನು ಪವಿಯ ಮಣಿಕಟ್ಟಿಗೆ ಕಟ್ಟಿದೆ. ತಿಂಗಳಲ್ಲಿ ನೂಲು ಜಾರಿ ಬೆರಳಿಗೆ ಬಂತು. ಬಿಚ್ಚಿ ಬಿಗಿಯಾಗಿ ಕಟ್ಟಿದೆ. ಮತ್ತೆ ಜಾರಿತು, ಮತ್ತೆ ಕಟ್ಟಿದೆ. ಮೂರು ಸಲ ನನ್ನ ಕೈಯಿಂದಲೇ ಅವಳ ಕೈ ಅಳೆದೆ. ಮೂರು ಸಲವೂ ನೂಲಿನದ್ದೇ ತಪ್ಪು ಎಂದುಕೊಂಡೆ.

ಅವಳು ಪಾಸಾದಳು. ಕುಂದಾಪುರದಲ್ಲಿ ಪಿಯುಸಿಗೆ ಸೇರಿ ಮೂರನೇ ವಾರ, ಮಳೆಯ ಬೆಳಿಗ್ಗೆ, ಬಸ್ಸು ಹೆಮ್ಮಾಡಿ ದಾಟುವಾಗ ಕಂಬಿ ಹಿಡಿದು ನಿಂತಲ್ಲೇ ಕುಸಿದಳು. ಕಂಡಕ್ಟರು ಅವಳ ಫೋನಿನಿಂದಲೇ ನನಗೆ ಫೋನು ಮಾಡಿದ. ಬಸ್ಸನ್ನು ನೇರ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದ್ದರು. ಗುರುತಿಲ್ಲದ ಜನ ಅಷ್ಟು ಮಾಡಿದರು. ಒಂದೇ ಮನೆಯಲ್ಲಿದ್ದ ನಾನು ಏನು ಮಾಡಿದೆನೆಂದು ಮೇಲೆ ಬರೆದಿದ್ದೇನೆ.

ಡಾಕ್ಟರಮ್ಮ ಏನು ಊಟ ಮಾಡುತ್ತಾಳೆಂದು ಕೇಳಿದರು. ವಾರಕ್ಕೆ ಮೂರು ವ್ರತ ಎಂದು ಆಗಲೂ ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ನಾಡಿ ತೀರಾ ನಿಧಾನವಾಗಿದೆ, ಹೃದಯಕ್ಕೆ ತೊಂದರೆಯಾಗುವ ಹಂತ, ಹೀಗೇ ಬಿಟ್ಟರೆ ಮಗು ಉಳಿಯುವುದಿಲ್ಲ ಎಂದರು. ಇದು ವ್ರತವಲ್ಲ, ಊಟದ ಹೆದರಿಕೆ, ಮನಸ್ಸಿಗೆ ಬಂದ ಕಾಯಿಲೆ ಎಂದರು. ನಮ್ಮ ಹುಡುಗಿಗೆ ಮರುಳು ಹಿಡಿದಿಲ್ಲ ಎಂದು ನಾನು ಅವರಿಗೇ ತಿರುಗಿ ಬಿದ್ದೆ. ಅವರು ನನ್ನನ್ನು ಬಿಟ್ಟು, ಪವಿಯ ಪಕ್ಕದಲ್ಲಿ ಕುಳಿತು, ಯಾಕೆ ಮಗಾ ಎಂದು ಮೆಲ್ಲಗೆ ಕೇಳಿದರು. ಎಂಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರಲ್ಲಿ ಅವರೇ ಮೊದಲು.

ಪವಿ ಗೋಡೆಗೆ ಮುಖ ಮಾಡಿ ಹೇಳಿದಳು: "ನನ್ ತೂಕಕ್ಕೆ ಬೆಲ್ಲ ಕಮ್ಮಿ ಸಾಕಾಯ್ಕ್. ಅಷ್ಟೇ."

ಏಳು ದಿನ ಆಸ್ಪತ್ರೆಯಲ್ಲಿದ್ದೆವು. ನೆಂಟರಿಗೆ ಟೈಫಾಯಿಡ್ ಎಂದು ಸುಳ್ಳು ಹೇಳಿದೆ. ಮನಸ್ಸಿನ ಡಾಕ್ಟರ ಹತ್ತಿರ ಹೋಗಲು ಚೀಟಿ ಬರೆದುಕೊಟ್ಟರೆ ಅದನ್ನು ಬ್ಯಾಗಿನ ತಳದಲ್ಲಿ ಮುಚ್ಚಿಟ್ಟೆ. ಮನೆಗೆ ಬಂದ ಮೇಲೆ ಅವಳು ಅನ್ನವನ್ನು ಬಾಳೆಬುಡಕ್ಕೆ ಹಾಕುವುದನ್ನು ಅಮ್ಮ ನೋಡಿದರು. ಗಿರಿಜತ್ತೆ ತೀರ್ಪು ಕೊಟ್ಟರು, ತೀರಿಸದ ಹರಕೆಯ ಮುನಿಸು ಇದು, ಬೇಗ ತೂಗಿಸಿ. ತಕ್ಕಡಿಯ ಮಾತು ಕೇಳಿ ಪವಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದನ್ನು ನೋಡಿಯೂ ನಾನು ತುಲಾಭಾರಕ್ಕೆ ದಿನ ಕೇಳಲು ದೇವಸ್ಥಾನಕ್ಕೆ ಹೋದೆ. ಅಷ್ಟು ಕಲ್ಲು ನಾನು.

ದೇವಿಯ ಎದುರು ಕೈಮುಗಿದಾಗ ಬೇರೇನೂ ಬಾಯಿಗೆ ಬರಲಿಲ್ಲ. ಅವಳು ಉಣ್ಣಲಿ ತಾಯೇ ಎಂದೆ. ಎಷ್ಟು ಸಲ ಎಂದೆನೋ, ವಯಸ್ಸಾದ ಅರ್ಚಕರು ಪೂಜೆ ಮುಗಿಸಿ ಬಂದು ಎದುರಿಗೆ ನಿಂತಿದ್ದರು. ಜಗಲಿಯ ಮಾತಿನಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಸಮಾಧಾನ ಹೇಳುತ್ತಾರೆಂದು ಕಾದೆ. ಅವರು ಕೇಳಿದರು:

"ಹರ್ಕಿ ಹೊತ್ತದ್ ಯಾರ್?"

"ನಾನ್."

"ಮಾತಾಡದ್ ಯಾರ್?"

"ನಾನೇ."

"ಹಾಂಗಾರೆ ತಕ್ಕಡಿ ಮೇಲ್ ಕೂಕಂಬುದೂ ನೀನೇ. ಆ ಮಗಿನ್ ಎಂತಕೆ ಎಳೀತೆ? ದೇವ್ರಿಗೆ ಬೆಲ್ಲದ್ ಬರ ಇಲ್ಲೆ. ಮೊದ್ಲ್ ಡಾಕ್ಟ್ರ ಹತ್ರ ಕರ್ಕಂಡ್ ಹೋಗ್."

ಬೇಡಿದ್ದಕ್ಕೆ ದೇವಿ ಕೊಟ್ಟ ಉತ್ತರ ಅದು ಎಂದು ನಾನು ನಂಬಿದ್ದೇನೆ. ಬೇರೆ ಯಾವ ಉತ್ತರವೂ ನನ್ನ ಕಿವಿಗೆ ಹೋಗುತ್ತಿರಲಿಲ್ಲ. ಮರುದಿನ ಬ್ಯಾಗಿನ ತಳದ ಚೀಟಿ ತೆಗೆದು ಉಡುಪಿಯ ಬಸ್ಸು ಹತ್ತಿದೆವು. ಈಗ ಎರಡು ವಾರಕ್ಕೊಮ್ಮೆ ಹೋಗುತ್ತೇವೆ. ನಾನು ಹೊರಗೆ ಬೆಂಚಿನಲ್ಲಿರುತ್ತೇನೆ, ಅವಳು ಒಳಗೆ ಮಾತಾಡುತ್ತಾಳೆ. ಡಾಕ್ಟರು ಹೇಳಿದಂತೆ ಮನೆಯಲ್ಲಿ ಯಾರ ಮೈಯ ಮಾತೂ ಇಲ್ಲ. ಉಣ್ಣು ಎಂದು ಗದರುವುದಿಲ್ಲ, ಉಂಡರೆ ಹೊಗಳುವುದೂ ಇಲ್ಲ, ಜೊತೆಗೆ ಕುಳಿತು ಉಣ್ಣುತ್ತೇವೆ. ಪೂರ್ತಿ ಗುಣವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ತಟ್ಟೆ ಹಾಗೇ ಉಳಿಯುತ್ತದೆ. ಮೊನ್ನೆ ಅವಳೇ ಮೀನುಸಾರು ಇನ್ನೊಂದು ಸೌಟು ಬಡಿಸಿಕೊಂಡಳು. ನಾನು ತಲೆ ತಗ್ಗಿಸಿ ನನ್ನ ಅನ್ನ ಕಲಸಿದೆ. ದೇವಿಗೆ ನನ್ನ ಜೀವಮಾನದ ದೊಡ್ಡ ನಮಸ್ಕಾರ ಎಂಜಲು ಕೈಯಲ್ಲಿ ಆಯಿತು.

ತುಲಾಭಾರ ಶ್ರಾವಣದ ಶುಕ್ರವಾರ ನಡೆಯಿತು. ಪವಿಯನ್ನು ಬಾ ಎಂದು ಕರೆದಿರಲಿಲ್ಲ. ಅವಳೇ ಅಮ್ಮನ ಜೊತೆ ಬಂದು ಕಂಬದ ಹತ್ತಿರ ನಿಂತಳು. ನಾನು ತಕ್ಕಡಿಯಲ್ಲಿ ಕುಳಿತೆ. ಬೆಲ್ಲದ ಅಚ್ಚು ಒಂದೊಂದಾಗಿ ಇಟ್ಟರು, ನನ್ನ ತಟ್ಟೆ ಮೇಲೇಳಲಿಲ್ಲ. ಮತ್ತೆ ತಂದರು. ಗಿರಿಜತ್ತೆ ನೆರೆದವರಿಗೆ ಕೇಳುವಂತೆಯೇ ಹೇಳಿದರು, ಇವಳಿಗೆ ಟೆಂಪೋ ಸಾಲದು, ಲಾರಿಯೇ ಬೇಕು. ಜನ ನಕ್ಕರು. ಕಾಲು ನೆಲ ಬಿಟ್ಟಿತು. ಹಿಡಿಯಲು ಹಗ್ಗವೊಂದೇ ಇತ್ತು. ಎಲ್ಲರೂ ನನ್ನ ಮೈಯನ್ನೇ ನೋಡುತ್ತಿದ್ದರು. ಪವಿ ಮಾತ್ರ ನಗದೆ ನನ್ನ ಮುಖ ನೋಡುತ್ತಿದ್ದಳು. ಅಲ್ಲಿಂದಲೇ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಪವಿ, ಅವತ್ತ್ ಜಗ್ಲಿ ಮೇಲ್ ನಾನ್ ಹೇಳದ್ ತಮಾಸಿ ಅಲ್ಲ. ನೀನ್ ಓದ್ತೆ, ನಾನ್ ಓದ್ಲಿಲ್ಲೆ ಅಂದೇಳಿ ಹೊಟ್ಟೆಕಿಚ್ಚಿಗೆ ಹೇಳದ್. ನೀನ್ ಉಣ್ದಿದ್ರೂ ಎಂತಕೆ ಅಂದೇಳಿ ಕೇಣ್ಲಿಲ್ಲೆ. ತಪ್ಪ್ ನಂದ್. ನಂದ್ ತಪ್ಪಾಯ್ತ್, ಮಗಾ."